ಬಿಗಿ ಟ್ರಿಗರಿನ ಆರ್ವಿಲ್
ಟ್ರಿಗರ್ ಬಿಗಿಯಾಗಿದ್ದುದಕ್ಕೇ ಹಿಂದೊಮ್ಮೆ ಕೊಂಬಿನ ಜಿಂಕೆಯೊಂದು ಕೈತಪ್ಪಿತೆಂದು ಆರ್ವಿಲ್ ತನ್ನ ಅಗ್ಗದ ಬಂದೂಕಿನ ಮೇಲೆ ಇಂದಿಗೂ ಕಿಡಿಕಾರುತ್ತಾನೆ. ಬೇಟೆಯ ಕಾಲ ಬಂತೆಂದರೆ ಲೆಸ್ಟರನ ಬಂದೂಕಿನಂಗಡಿಯಲ್ಲಿ ಅಗ್ಗದವನ್ನೆಲ್ಲ ಇಳಿಸಿ, ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವನಂತೆ ಒಂದೊಂದರ ಗುಂಡು ತುಂಬುವ ಬೋಲ್ಟನ್ನೂ ಎಳೆದು ನೂಕುತ್ತಾನೆ. “ಇದರ ಬೋಲ್ಟು ಬೆಣ್ಣೆ, ಪ್ಲಾಸ್ಟಿಕ್ ಹಿಡಿ ಮಾತ್ರ ಖಾಲಿ ಡಬ್ಬ! ಅದರ ಟ್ರಿಗರ್ ಹಗುರ, ಗುಂಡಿಡೋ ಮ್ಯಾಗಜೀನು ಮಕ್ಕಳಾಟಿಕೆ!” ಎಂದು ಹಳಿಯುತ್ತಾನೆ. “ಕೊಳ್ಳೋದು ಯಾವಾಗ ಮಾರಾಯ?” ಎಂದು ಲೆಸ್ಟರ್ ಕೇಳಿದರೆ, “ನೀನು ನಿಜವಾದ ಬಂದೂಕು ಮಾರೋಕೆ ಶುರು ಮಾಡಿದಾಗ!” ಎಂದು ಗುಡುಗುತ್ತಾನೆ. ಗುರಿ ತಪ್ಪಿದವನ ಅಂಗಿಯ ಅಂಚು ಕತ್ತರಿಸಿ ಬೇಟೆ ಬಿಡಾರದ ಗೋಡೆಗೆ ಮೊಳೆ ಹೊಡೆದು ತೂಗುಹಾಕುವುದು ನಮ್ಮ ಪೆನ್ಸಿಲ್ವೇನಿಯಾ ಬೇಟೆಗಾರರ ವಾಡಿಕೆ. ಆ ಜಿಂಕೆ ತಪ್ಪಿದಂದು ಅವನ ಭಾವ ಡ್ವೇನ್ ಕತ್ತರಿ ಹಿಡಿದು ಬಂದಾಗ, “ತಪ್ಪು ಬಂದೂಕಿಂದು ಭಾವ, ಒಳ್ಳೇದು ತರ್ತೀನಿ, ಆಗ್ಲೂ ತಪ್ಪಿದ್ರೆ ಕತ್ತರಿಸು” ಎಂದು ಆರ್ವಿಲ್ ವಾಯಿದೆ ಕೇಳಿದ್ದ. ಮುಂದಿನ ಬೇಟೆಯ ಕಾಲಕ್ಕೆ ಡ್ವೇನ್ ಬದುಕಿರಲಿಲ್ಲ. ಒಳ್ಳೆಯ ಬಂದೂಕನ್ನು ಇನ್ನೂ ಕೊಳ್ಳದ ಆರ್ವಿಲ್, ಅಂದು ತೊಟ್ಟಿದ್ದ ಕೆಂಪಂಗಿಯ ಅಂಚನ್ನು ಬೇರೆ ಯಾರ ಕತ್ತರಿಗೂ ಕೊಟ್ಟಿಲ್ಲ.