ಕೂತ್ಕೊಳ್ಳಿ ಅತ್ತೆ, ಬೀಳ್ತೀರಿ!

ನಮ್ಮ ಅತ್ತೆ ಬಿದ್ದರು. ಬಾತ್‌ರೂಮಿನಲ್ಲಿ ಅಲ್ಲ, ಮೆಟ್ಟಿಲ ಮೇಲೂ ಅಲ್ಲ. ಅವರು ಜಾರಿ ಬೀಳಬಾರದೆಂದು ನಮ್ಮ ಯಜಮಾನರು ಆನ್‌ಲೈನ್‌ನಲ್ಲಿ ತರಿಸಿ ಹಾಸಿದ ಆ್ಯಂಟಿ-ಸ್ಕಿಡ್ ಮ್ಯಾಟಿನ ಅಂಚಿಗೆ ಕಾಲು ತಾಗಿ ಬಿದ್ದರು.

(ಮ್ಯಾಟ್ ಮಾತ್ರ ಒಂದಿಂಚೂ ಜಾರಲಿಲ್ಲ. ಆ ವಿಷಯದಲ್ಲಿ ಕಂಪನಿಯವರು ನುಡಿದಂತೆ ನಡೆದಿದ್ದಾರೆ.)

ಅತ್ತೆಗೆ ಎಪ್ಪತ್ತೆಂಟು ವರ್ಷ. ನಾಲ್ಕು ವರ್ಷಗಳಿಂದ ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ. ಬೆಳಗ್ಗೆ ತಿಂದ ದೋಸೆ ಹನ್ನೊಂದು ಗಂಟೆಗೆ ನೆನಪಿರುವುದಿಲ್ಲ. ಮಗನನ್ನು ಕೆಲವೊಮ್ಮೆ ತಮ್ಮ ಅಣ್ಣ ಎಂದುಕೊಳ್ಳುತ್ತಾರೆ. ನನ್ನನ್ನು ದಿನಕ್ಕೊಂದು ಹೆಸರಿನಿಂದ ಕರೆಯುತ್ತಾರೆ. ಎಲ್ಲ ಹೆಸರಿಗೂ ನಾನು ಓಗೊಡುತ್ತೇನೆ, ಊಟದ ಹೊತ್ತಿಗೆ ಜಗಳ ಯಾಕೆ?

ಪುಣ್ಯಕ್ಕೆ ಅವತ್ತು ಮೂಳೆ ಮುರಿಯಲಿಲ್ಲ. ಮಂಡಿ ಬಾತುಕೊಂಡಿತು, ಹಣೆಯ ಮೇಲೆ ನಿಂಬೆಹಣ್ಣಿನಷ್ಟು ಗಾತ್ರದ ಬುಗುಟು ಎದ್ದಿತು. ಮಾಜಿವಾಡಾದ ಡಾಕ್ಟರು ಎಕ್ಸ್‌ರೇ ನೋಡಿ, "ಈ ಸಲ ಬಚಾವ್. ಇನ್ನೊಮ್ಮೆ ಬಿದ್ದು ಸೊಂಟ ಮುರಿದರೆ ಹಾಸಿಗೆ ಹಿಡಿಯುತ್ತಾರೆ" ಎಂದರು. ಚೀಟಿಯಲ್ಲಿ ಎರಡು ಮಾತ್ರೆ ಬರೆದರು. ಅದರ ಕೆಳಗೆ, ಕಾಲಿನ ಬಲಕ್ಕೆ ಮತ್ತು ಬ್ಯಾಲೆನ್ಸ್‌ಗೆ ದಿನವೂ ವ್ಯಾಯಾಮ ಮಾಡಿಸಿ ಎಂದೂ ಬರೆದರು. ಮಾತ್ರೆ ತಂದೆವು. ವ್ಯಾಯಾಮ ಮೆಡಿಕಲ್ ಶಾಪಿನಲ್ಲಿ ಸಿಗಲಿಲ್ಲ, ಬಿಟ್ಟೆವು.

ಅತ್ತೆ ಬಿದ್ದ ಸುದ್ದಿ ಡೊಂಬಿವಿಲಿಯ ನಮ್ಮ ಸೊಸೈಟಿಯ ವಾಟ್ಸಪ್ ಗ್ರೂಪಿಗೆ ತಲುಪಲು ಎಷ್ಟು ಹೊತ್ತು? ಸಂಜೆಯೊಳಗೆ ಮನೆ ತುಂಬ ಸಲಹೆಗಾರರು. ಎದುರು ಮನೆಯ ಮರಾಠಿ ಕಾಕು ಎಳನೀರು ಕೈಗಿಟ್ಟು, "ತ್ಯಾಂನಾ ಉಠೂಚ್ ದೇಊ ನಕಾ" ಎಂದರು. ಏಳಲಿಕ್ಕೇ ಬಿಡಬೇಡಿ ಅಂತ. ಕಲ್ಯಾಣದಿಂದ ಓಡಿ ಬಂದ ನನ್ನ ನಾದಿನಿ, "ಅಮ್ಮನನ್ನು ಒಂದು ಕಡೆ ಕೂರಿಸು ಮಾರಾಯ್ತಿ, ಟಿವಿ ಹಾಕಿ ಕೊಡು" ಎಂದು ಅಪ್ಪಣೆ ಕೊಡಿಸಿ, ತಾನೂ ಒಂದು ಕಡೆ ಕೂತು ಟಿವಿ ನೋಡಿ, ಚಹಾ ಕುಡಿದು ಹೋದಳು.

ನಮ್ಮ ಯಜಮಾನರಂತೂ ಸಲಹೆಗಳಲ್ಲಿ ನಂಬಿಕೆ ಇಲ್ಲದ ಕಾರ್ಯಶೀಲ ಮನುಷ್ಯ. ಅವರು ಹಾಲ್‌ನಲ್ಲಿ ಕ್ಯಾಮೆರಾ ಹಾಕಿಸಿದರು. ಅಮ್ಮ ಕುರ್ಚಿಯಿಂದ ಎದ್ದರೆ ಐರೋಲಿಯ ಆಫೀಸಿನಲ್ಲಿ ಅವರ ಮೊಬೈಲು ಕುಯ್ ಎನ್ನುತ್ತದೆ. ಅವರು ತಕ್ಷಣ ನನಗೆ ಫೋನ್ ಮಾಡಿ, "ಅಮ್ಮ ಎದ್ದಿದ್ದಾಳೆ ನೋಡು" ಎನ್ನುತ್ತಾರೆ. ನಾನು ಅತ್ತೆಯಿಂದ ನಾಲ್ಕು ಅಡಿ ದೂರದಲ್ಲಿ ಬೀನ್ಸ್ ಹೆಚ್ಚುತ್ತಿರುತ್ತೇನೆ! ಇದಕ್ಕೆ ಟೆಕ್ನಾಲಜಿ ಎನ್ನುತ್ತಾರೆ.

ನನ್ನ ಪಾಲಿನ ಕೆಲಸವೆಂದರೆ ಕೂಗುವುದು. "ಕೂತ್ಕೊಳ್ಳಿ ಅತ್ತೆ, ಬೀಳ್ತೀರಿ!" ದಿನಕ್ಕೆ ಎಷ್ಟು ಸಲ ಕೂಗಿದ್ದೇನೋ. ನೀರಿಗೆ ಎದ್ದರೆ ಕೂತ್ಕೊಳ್ಳಿ. ಕಿಟಕಿ ಹತ್ತಿರ ಹೋದರೆ ಕೂತ್ಕೊಳ್ಳಿ. ನಮ್ಮಲ್ಲಿ ಹಿರಿಯರಿಗೆ ಮರ್ಯಾದೆ ಕೊಡುವುದೆಂದರೆ ತಾನೆ ಏನು? ಮದುವೆಗೆ ಬಂದರೆ ಕುರ್ಚಿ, ಪೂಜೆಗೆ ಬಂದರೆ ಕುರ್ಚಿ, ಅವರೇ ಎದ್ದು ಒಂದು ಲೋಟ ಮುಟ್ಟಿದರೆ ಹತ್ತು ಜನ "ಅಯ್ಯೋ, ನೀವ್ಯಾಕೆ ಎದ್ರಿ" ಎಂದು ಹಾರಿ ಬೀಳುತ್ತಾರೆ. ಒಳ್ಳೆಯ ಸೊಸೆ ಎಂಬ ಸರ್ಟಿಫಿಕೇಟೂ ನನಗೆ ಇಡೀ ಬಿಲ್ಡಿಂಗಿನಿಂದ ಸಿಕ್ಕಿತು.

ಎರಡು ತಿಂಗಳಾದ ಮೇಲೆ ಒಂದು ಬೆಳಗ್ಗೆ ಅತ್ತೆ ಕುರ್ಚಿಯಿಂದ ಏಳಲು ಹೋದರು. ಆಗಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದರು. ಆಗಲಿಲ್ಲ. ನನ್ನ ಮುಖ ನೋಡಿ ನಕ್ಕರು, ತಪ್ಪು ಮಾಡಿದವರ ಹಾಗೆ. ಸೀರೆ ಉಡಿಸುವಾಗ ಅವರ ತೊಡೆ ನೋಡಿದೆ. ಒಣಗಿದ ಬದನೆಕಾಯಿಯಾಗಿತ್ತು.

ಆವಾಗ ಬಂದವಳು ಭಾಗ್ಯಶ್ರೀ. ಫಿಜಿಯೋಥೆರಪಿಸ್ಟ್. ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು ಕಲ್ಯಾಣದಲ್ಲಿ ನೆಲೆಸಿದವರ ಮಗಳು. ವಾರಕ್ಕೆ ಮೂರು ದಿನ ಮನೆಗೇ ಬರುತ್ತಾಳೆ. ಮೊದಲ ದಿನ ಅತ್ತೆಯ ಕಾಲು ಒತ್ತಿ ನೋಡಿ ನನ್ನ ಕಡೆ ತಿರುಗಿದಳು.

"ಕುಂಡ್ರಿಸಿ ಕುಂಡ್ರಿಸಿ ಕಾಲಾಗಿನ ಶಕ್ತಿ ಎಲ್ಲಾ ಕಳದೀರಲ್ರೀ ವೈನಿ!"

"ಬೀಳ್ತಾರೆ ಅಂತ ಹೆದರಿಕೆ" ಎಂದೆ.

"ಎಕ್ಸರ್‌ಸೈಜ್ ಮಾಡಿದ್ರ ಬೀಳೂದಿಲ್ಲ ಅಂತ ನಾ ಗ್ಯಾರಂಟಿ ಕೊಡೂದಿಲ್ರೀ. ಬೀಳೂದು ಕಡಿಮಿ ಆಗಬಹುದು. ಆದ್ರ ಹಿಂಗ ಕುಂಡ್ರಿಸಿ ಇಟ್ರ ಬೀಳೂದು ಪಕ್ಕಾ."

ಮ್ಯಾಟ್ ತೆಗೆಸಿದಳು. ಗಟ್ಟಿ ಕುರ್ಚಿಯೊಂದನ್ನು ಗೋಡೆಗೆ ಒತ್ತಿ ಇಟ್ಟಳು. "ಆಯಿ, ಏಳ್ರಿ, ಕುಂದರ್ರಿ. ಏಳ್ರಿ, ಕುಂದರ್ರಿ. ದಸ್ ಬಾರ್."

ಅತ್ತೆ ಅವಳನ್ನು ಮೇಲಿಂದ ಕೆಳಗೆ ನೋಡಿದರು. "ಬಸ್ಕಿ ಹೊಡೀಲಿಕ್ಕೆ ನಾನು ಎಂಥ ತಪ್ಪು ಮಾಡಿದ್ದೇನೆ?"

ನ್ಯಾಯವಾದ ಪ್ರಶ್ನೆ. ಶಾಲೆಯಲ್ಲಿ ಹೋಮ್‌ವರ್ಕ್ ತರದಿದ್ದರೆ ಕೊಡುವ ಶಿಕ್ಷೆಯನ್ನು ಎಪ್ಪತ್ತೆಂಟರಲ್ಲಿ ಯಾಕೆ ಅನುಭವಿಸಬೇಕು? ಎರಡು ದಿನ ಅವರು ಅಲ್ಲಾಡಲಿಲ್ಲ. ಭಾಗ್ಯಶ್ರೀ ಹಾಡಿದಳು, ಚಪ್ಪಾಳೆ ತಟ್ಟಿದಳು. ಅತ್ತೆ ಕಣ್ಣು ಮುಚ್ಚಿಕೊಂಡರು.

ಮೂರನೆಯ ದಿನ ಅವಳು ವರ್ತಕ ನಗರದ ಪೇಶೆಂಟ್ ಮುಗಿಸಿ, ಥಾಣೆಯಿಂದ ಸಂಜೆಯ ಲೋಕಲ್‌ನಲ್ಲಿ ಬಂದಳು. ಬೆವರಿ ತೊಪ್ಪೆ. ಬ್ಯಾಗನ್ನು ಎದೆಗೆ ಒತ್ತಿ ಹಿಡಿದು, ಅತ್ತೆಯ ಕುರ್ಚಿಯ ಮುಂದೆ ಕಿಟಕಿಯ ಗ್ರಿಲ್ ಹಿಡಿದು ನಿಂತು ಉಸಿರು ಬಿಟ್ಟಳು. ಅತ್ತೆ ಕತ್ತೆತ್ತಿ ನೋಡಿದರು.

"ಎಲ್ಲಿಂದ ನಿಂತಿದ್ದೀ?"

"ಥಾಣೆಯಿಂದ ನಿಂತ ಬಂದೀನ್ರಿ ಆಯಿ. ಸೀಟ ಸಿಗಲಿಲ್ಲ."

ಅತ್ತೆ ಎರಡೂ ಕೈ ಊರಿದರು. ಮುಂದಕ್ಕೆ ಬಗ್ಗಿದರು. ಎದ್ದರು! "ಬಾ, ನೀನು ಕೂತ್ಕೋ. ನಾನು ಡೊಂಬಿವಿಲಿಯಿಂದ ಕೂತೇ ಇದ್ದೇನೆ."

ನಾನು ಲಟ್ಟಣಿಗೆ ಹಿಡಿದು ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟೆ.

ಮುಂಬೈಯವರಿಗೆ ವಿವರಿಸಬೇಕಾಗಿಲ್ಲ, ಊರಿನ ಓದುಗರಿಗೆ ಹೇಳುತ್ತೇನೆ. ಅತ್ತೆ ಮೂವತ್ತೊಂದು ವರ್ಷ ಡೊಂಬಿವಿಲಿಯಿಂದ ಫೋರ್ಟಿನ ಆಫೀಸಿಗೆ ಲೋಕಲ್ ಟ್ರೇನಿನ ಲೇಡೀಸ್ ಡಬ್ಬಾದಲ್ಲಿ, ಅಂದರೆ ಹೆಂಗಸರ ಬೋಗಿಯಲ್ಲಿ, ಹೋಗಿ ಬಂದವರು. ದಿನವೂ ಜೊತೆಗೆ ಹೋಗುವ ಗೆಳತಿಯರ ಗುಂಪುಗಳಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ. ಮೊದಲು ಸೀಟು ಸಿಕ್ಕಿದವಳು ನಡುದಾರಿಯ ಥಾಣೆ ಬಂದ ಕೂಡಲೇ ಏಳಬೇಕು, ನಿಂತ ಗೆಳತಿಗೆ ಸೀಟು ಕೊಡಬೇಕು. ಸಂವಿಧಾನದ ತಿದ್ದುಪಡಿ ಆದೀತು, ಇದರ ತಿದ್ದುಪಡಿ ಆಗದು. (ಅವತ್ತು ಭಾಗ್ಯಶ್ರೀ ಬಂದದ್ದು ಉಲ್ಟಾ ದಿಕ್ಕಿನಿಂದ. ಅತ್ತೆ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.)

ಭಾಗ್ಯಶ್ರೀ ಚುರುಕು ಹುಡುಗಿ. ಅಂದಿನಿಂದ ನಮ್ಮ ಹಾಲ್‌ನಲ್ಲಿ ಸಂಜೆ ಐದಕ್ಕೆ ಲೋಕಲ್ ಹೊರಡುತ್ತದೆ. ಥಾಣೆಯಲ್ಲಿ ಅತ್ತೆ ಏಳುತ್ತಾರೆ, ಮುಲುಂಡ್‌ನಲ್ಲಿ ಕೂರುತ್ತಾರೆ, ಭಾಂಡುಪ್‌ನಲ್ಲಿ ಏಳುತ್ತಾರೆ. ಸ್ಟೇಷನ್ ಬರುವ ಮೊದಲೇ ಬ್ಯಾಗ್ ಮುಂದೆ ಹಿಡಿದು ಅಡ್ಡಡ್ಡ ಹೆಜ್ಜೆ ಇಡುತ್ತ ಬಾಗಿಲ ಕಡೆ ಸರಿಯುತ್ತಾರೆ. ಈ ಅಡ್ಡ ಹೆಜ್ಜೆಯೇ ಬ್ಯಾಲೆನ್ಸ್‌ಗೆ ಬಹಳ ಒಳ್ಳೆಯ ವ್ಯಾಯಾಮವಂತೆ. ಪಕ್ಕದಲ್ಲಿ ಒಬ್ಬರು ಅವರ ಸೊಂಟದ ಹತ್ತಿರ ಕೈ ಇಟ್ಟುಕೊಂಡು ಇರಲೇಬೇಕು, ಅದು ಭಾಗ್ಯಶ್ರೀಯ ಆಜ್ಞೆ. "ಆಯಿಗೆ ನಿನ್ನಿದ್ದು ಇವತ್ತ ನೆನಪ ಇರೂದಿಲ್ರೀ. ಅದಕ್ಕ ದಿನಾ ಮಾಡಸಬೇಕು. ನಾ ಇಲ್ಲದ ದಿನ ನೀವ ಮಾಡಸಬೇಕು."

ನೀವು ಅಂದರೆ ಯಾರು?

ಭಾನುವಾರ ಯಜಮಾನರು ಭಾರೀ ಉತ್ಸಾಹದಿಂದ ಕುರ್ಚಿಯ ಮುಂದೆ ಬಂದು ನಿಂತರು. ಅತ್ತೆ ಕೆರಳಿ ಕೆಂಡವಾದರು. "ಏಯ್! ಲೇಡೀಸ್ ಡಬ್ಬಾ ಹೈ! ಉತರೋ!" ಯಜಮಾನರು ಹಿಂದೆ ಹಿಂದೆ ಸರಿದು ಬೆಡ್‌ರೂಮಿಗೆ ಇಳಿದುಹೋದರು. "ಅಮ್ಮನೇ ಬೇಡ ಅಂದ ಮೇಲೆ ನಾನೇನು ಮಾಡಲಿ?" ಎಂದು ಅಂದಿನಿಂದ ಸೋಫಾದ ಮೇಲೆ ನೆಮ್ಮದಿಯಾಗಿದ್ದಾರೆ. ನನ್ನ ಮಗಳನ್ನು ಕರೆದರೆ, "ಮಮ್ಮಿ, ಮೇರಾ ಕಾಲ್ ಚಲ್ ರಹಾ ಹೈ" ಎಂದು ಫೋನ್ ತೋರಿಸುತ್ತಾಳೆ. ಸಲಹೆ ಕೊಟ್ಟ ಕಾಕುವಿಗೆ ಮಂಡಿ ನೋವು. ನಾದಿನಿಗೆ ಎರಡೇ ಸ್ಟೇಷನ್ ಆಚೆಯ ಕಲ್ಯಾಣದಿಂದ ಬರಲು ಬಹಳ ದೂರ. ಕೂರಿಸಲು ಇಡೀ ಊರೇ ಇತ್ತು, ಏಳಿಸುವಾಗ ಮಾತ್ರ ನಾನೊಬ್ಬಳೇ.

ಅತ್ತೆಯದು ಇನ್ನೊಂದು ಕಾನೂನು. ಆಗಷ್ಟೇ ಬಂದು ನಿಂತವರಿಗೆ ಸೀಟು ಕೊಡುವುದಿಲ್ಲ. ಆದ್ದರಿಂದ ನಾನು ಮೊದಲೇ ಗ್ರಿಲ್ ಹಿಡಿದು ಹದಿನೈದು ನಿಮಿಷ ನಿಲ್ಲಬೇಕು. ಆಮೇಲೆ ಅವರು ಎದ್ದು ಜಾಗ ಕೊಡುತ್ತಾರೆ. ನಾನು ಕೂರುತ್ತೇನೆ. ಮದುವೆಯಾಗಿ ಇಪ್ಪತ್ತಾರು ವರ್ಷವಾಯಿತು. ಈ ಮನೆಯಲ್ಲಿ ಸಂಜೆಯ ಹೊತ್ತು "ನೀನು ಕೂತ್ಕೋ" ಎಂಬ ಮಾತು ಅತ್ತೆಯ ಬಾಯಿಂದ ಕೇಳಿದ್ದು ಇದೇ ಮೊದಲು. ಸೊಸೆಗೆ ಸಿಗದ ಸೀಟು ಟ್ರೇನಿನ ಗೆಳತಿಗೆ ಸಿಕ್ಕಿತು. ನಾನು ಯಾಕೆ ಬೇಡ ಅನ್ನಲಿ?

ಈಗ ಅತ್ತೆ ಕೈ ಊರದೆ ಒಂದೆರಡು ಸಲ ಏಳುತ್ತಾರೆ. ಕಾಯಿಲೆ ಏನೂ ಕಡಿಮೆಯಾಗಿಲ್ಲ, ಹೆಸರುಗಳೆಲ್ಲ ಹೋಗಿವೆ. ಸದ್ಯ ಬಿದ್ದಿಲ್ಲ. ಅಷ್ಟು ಹೇಳುವಾಗಲೂ ದೃಷ್ಟಿ ತಾಗದಿರಲಿ ಎಂದು ನಾನು ಮರ ಮುಟ್ಟಿಕೊಳ್ಳುತ್ತೇನೆ.

ಮೊನ್ನೆ ಗುರುವಾರ ನಾವಿಬ್ಬರೇ ಇದ್ದೆವು. ಅತ್ತೆ ಎದ್ದು ನನ್ನನ್ನು ಕೂರಿಸಿದರು. ಗ್ರಿಲ್ ಹಿಡಿದು ನಿಂತರು. ನನ್ನ ಕೈ ಅವರ ಸೊಂಟದ ಹತ್ತಿರವೇ ಇತ್ತು. ಅತ್ತ ಇತ್ತ ನೋಡಿ, ಬಗ್ಗಿ, ದನಿ ತಗ್ಗಿಸಿದರು. ಲೇಡೀಸ್ ಡಬ್ಬಾದಲ್ಲಿ ದನಿ ತಗ್ಗಿತೆಂದರೆ ವಿಷಯ ಒಂದೇ.

"ನನ್ನ ಸೊಸೆ ಉಂಟಲ್ಲ..."

ನಾನು ಕಿವಿ ನಿಮಿರಿಸಿದೆ. ಯಾವ ಸೊಸೆಗೆ ಇಂಥ ಅವಕಾಶ ಸಿಕ್ಕೀತು ಹೇಳಿ?

"ಒಳ್ಳೆಯವಳೇ ಮಾರಾಯ್ತಿ. ಹೊತ್ತಿಗೆ ಸರಿಯಾಗಿ ಊಟ ಕೊಡ್ತಾಳೆ, ಮಾತ್ರೆ ಕೊಡ್ತಾಳೆ. ಆದರೆ ನಾನು ಸ್ವಲ್ಪ ಎದ್ದರೆ ಸಾಕು, ಕೂತ್ಕೊಳ್ಳಿ ಕೂತ್ಕೊಳ್ಳಿ ಅಂತ ಬೊಬ್ಬೆ ಹೊಡೀತಾಳೆ. ಮನೆಗೆ ಹೋಗ್ಲಿಕ್ಕೇ ಮನಸ್ಸು ಬರುವುದಿಲ್ಲ ನನಗೆ."

ನಾನು ಕುರ್ಚಿಯಲ್ಲಿ ಕೂತೇ ಇದ್ದೆ. ಅತ್ತೆ ನೆಟ್ಟಗೆ ನಿಂತಿದ್ದರು.

ನೀವೇ ಹೇಳಿ, ಇಷ್ಟು ದಿನ ನಾನು ಅವರನ್ನು ಕಾದದ್ದು ಬೀಳದ ಹಾಗೋ, ಏಳದ ಹಾಗೋ?