ರೆಸಿಸ್ಟರ್ ಕೇಳಿದ್ದು ತಮಾಷೆಗಲ್ಲ

ಒಂಬತ್ತನೇ ಕ್ಲಾಸಲ್ಲೇ ತರಲೆ ಹೆಚ್ಚಾಗಿ ಶಾಲೆಯಿಂದ ಹೊರಬಿದ್ದವನು ನಾನು. ವಿಜ್ಞಾನ ವಸ್ತುಪ್ರದರ್ಶನದಲ್ಲಿ ಗೇಣುದ್ದ ಕಿಡಿ ಹಾರಿಸಿ ತೋರಿಸಿದರೆ ಮತ್ತೆ ಸೇರಿಸಿಕೊಳ್ಳುತ್ತೇನೆಂದು ಮೇಷ್ಟ್ರು ಹೇಳಿದ್ದರು. ಸಾಗರದ ರೇಡಿಯೋ ರಿಪೇರಿ ಶೇಷಣ್ಣನ ಅಂಗಡಿಗೆ ಓಡಿದೆ.

"ದೊಡ್ಡ ವ್ಯಾಟಿನ ರೆಸಿಸ್ಟರ್ ಏಳೆಂಟು ಕೊಡು ಶೇಷಣ್ಣ. ಒಂದೇ ಹಾಕಿದ್ರೆ ಹೈವೋಲ್ಟೇಜ್ ತಡೀದೆ ಸಿಡಿದು ಹೋಗ್ತದೆ, ಸಾಲಾಗಿ ಜೋಡಿಸ್ಬೇಕು."

"ಈ ಸಲ ಯಾರ ಕುರ್ಚಿಗೆ ಕರೆಂಟ್ ಕೊಡ್ತೀಯ ಮಾರಾಯ?"

"ದೇವ್ರಾಣೆ, ಪ್ರಯೋಗಕ್ಕೆ."

"ಹೋದ್ಸಲವೂ ದೇವ್ರಾಣೆ ಅಂದೇ ನನ್ನ ಸ್ಟೂಲಿಗೆ ಕೊಟ್ಟಿದ್ದೆ" ಎಂದು ಹಳೇ ಟೀವಿಯಿಂದ ಕಿತ್ತ ಒಂದೇ ಒಂದು ರೆಸಿಸ್ಟರ್ ಕೈಗಿಟ್ಟ.

ಹೊಸನಗರದ ಅಂಗಡಿಗಳಲ್ಲೂ ಉಳಿದವು ಸಿಗದೆ, ನಾನು ಕಟ್ಟಿದ್ದ ಕಿಡಿ ಯಂತ್ರಕ್ಕೆ ಆ ಒಂದನ್ನೇ ಹಾಕಿದೆ. ಪ್ರದರ್ಶನದ ದಿನ ಸ್ವಿಚ್ ಒತ್ತಿದ್ದೇ ತಡ, ಕಿಡಿ ಹಾರುವ ಮೊದಲೇ ಅದು ಢಂ ಎಂದು ಒಡೆಯಿತು. ಮೇಷ್ಟ್ರು ಹೊಟ್ಟೆ ಹಿಡಿದು ನಕ್ಕರು. "ಇವ ಕೋಡಂಗಿ ಬುದ್ಧಿ ಇನ್ನೂ ಬಿಟ್ಟಿಲ್ಲ ನೋಡ್ರೋ!"

ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ನಾನೂ ಬಗ್ಗಿ ನಮಸ್ಕಾರ ಮಾಡಿದೆ. ಆ ಶಾಲೆಯಲ್ಲಿ ನನಗೆ ಸಿಕ್ಕ ಚಪ್ಪಾಳೆ ಅದೊಂದೇ.