ಬೇಲಿಯ ಮೇಲೆ ಮಡಗಿದ ಪಾಪ

ಸೋಮವಾರದಿಂದ ಕೆಲಸಕ್ಕೆ ಹೋದರೆ ಚಿನ್ನು ತನ್ನನ್ನು ಮರೆತುಬಿಟ್ಟರೆ? ಮಗುವಿನ ಬಟ್ಟೆ ಮಡಚುವಾಗ, ರಾಗಿ ಸರಿ ಕದಡುವಾಗ, ಕುಕ್ಕರು ಎಷ್ಟು ಸಲ ಕೂಗಿತೆಂದು ಮರೆತು ನಿಂತಾಗ, ಕೀರ್ತನಳ ತಲೆಯಲ್ಲಿ ಇದೊಂದೇ ಕೊರೆತ. ಪಾಂಡವಪುರದ ಸೊಸೈಟಿಯಲ್ಲಿ ಅವಳ ಹೆರಿಗೆ ರಜೆ ಮುಗಿದಿತ್ತು. ಗಂಡ ಕುಮಾರನಿಗೆ ಮಾಕವಳ್ಳಿಯ ಕಾರ್ಖಾನೆಯಲ್ಲಿ ರಾತ್ರಿ ಪಾಳಿ. ಹಗಲು ಮಲಗಿದನೆಂದರೆ ಮನೆ ಮುಂದೆ ಟ್ರಾಕ್ಟರು ನಿಲ್ಲಿಸಿ ಹಾರ್ನ್ ಹೊಡೆದರೂ ಏಳುವವನಲ್ಲ. ಮಗುವನ್ನು ನೋಡಿಕೊಳ್ಳುವವರು ಯಾರು?

"ಮಗೀನ ನಂತಾವ ಮಡಗ್ಬುಟ್ಟು ಹೋಗು ಪಾಪ, ನಾನ್ ನೋಡ್ಕತೀನಿ" ಎಂದಿದ್ದಳು ಬೆಳ್ಳೂರಿನಲ್ಲಿರುವ ತಾಯಿ ಪಾರ್ವತಮ್ಮ, ಹೋದ ತಿಂಗಳು ಫೋನಿನಲ್ಲಿ.

ಮಡಗು. ಆ ಮಾತು ಕೇಳಿದ್ದೇ ತಡ, ಕೀರ್ತನಳ ಮೈ ಉರಿದುಹೋಗಿತ್ತು. "ನನ್ನ ಬಿಟ್ಟ ಹಾಗೆ ನನ್ನ ಮಗೂನ ಬಿಡೋಕೆ ನಾನು ನೀನಲ್ಲ" ಎಂದು ಫೋನ್ ಕತ್ತರಿಸಿದ್ದಳು. ಅಲ್ಲಿಂದಾಚೆಗೆ ಅವ್ವ ಮಗಳ ನಡುವೆ ಮಾತಿಲ್ಲ.

ಕೀರ್ತನಳನ್ನು ಚಿಕ್ಕಂದಿನಲ್ಲೇ ಮೈಸೂರಿನ ಚಿಕ್ಕಮ್ಮನ ಮನೆಗೆ ಕಳಿಸಿದವಳು ಪಾರ್ವತಮ್ಮನೇ. ಬೆಳ್ಳೂರಿನಲ್ಲಿ ಅವರದು ಕುಲುಮೆಯ ಮನೆ. ಅಪ್ಪ ಕಾದ ಕಬ್ಬಿಣ ಬಡಿಯುತ್ತಿದ್ದ, ಅವ್ವ ತಿದಿ ಒತ್ತಿ ಬೆಂಕಿಗೆ ಗಾಳಿ ಕೊಡುತ್ತಿದ್ದಳು. ಒಂದು ದಿನ ಕಿಡಿ ಹಾರಿ ಮಗಳ ಮುಂಗೈ ಸುಟ್ಟಿತು. ಆ ವಾರವೇ ಅವಳ ಬಟ್ಟೆ ಗಂಟು ಕಟ್ಟಿಯಾಗಿತ್ತು. ಮೈಸೂರಿನ ಸ್ಕೂಲಿನಲ್ಲಿ ಮೊದಲ ದಿನ "ಬ್ಯಾಗ್ ಎಲ್ಲಿ ಮಡಗ್ಲಿ ಮಿಸ್?" ಎಂದು ಕೇಳಿದ್ದಕ್ಕೆ ಇಡೀ ಕ್ಲಾಸು ನಕ್ಕಿತ್ತು. ಆಮೇಲೆ ಅವಳು ಎಲ್ಲವನ್ನೂ ಇಡುತ್ತಲೇ ಬಂದಳು, ಯಾವುದನ್ನೂ ಮಡಗಲಿಲ್ಲ. ಭಾನುವಾರ ಅವ್ವ ಬರುತ್ತಿದ್ದಳು, ಸೆರಗಿನ ತುಂಬ ಇದ್ದಿಲ ಹೊಗೆಯ ವಾಸನೆ ಹೊತ್ತು. ಸಂಜೆ ಹೊರಟು ನಿಂತಾಗ ಹುಡುಗಿ ಬಾಗಿಲ ಹಿಂದೆ ಅವಿತುಕೊಳ್ಳುತ್ತಿದ್ದಳು. ಅವ್ವ ಒರಗಿದ್ದ ದಿಂಬನ್ನು ಮೂಸುತ್ತಾ ಮಲಗುತ್ತಿದ್ದಳು.

ಈಗ ಕೀರ್ತನ ಇರುವುದು ಚಿನಕುರಳಿಯ ಅಂಚಿನಲ್ಲಿ. ಅಂದು ಸಂಜೆ ಕಲ್ಲು ಕ್ವಾರಿಯ ಸದ್ದು ಅಡಗಿ, ದೀಪ ಹಚ್ಚುವ ಹೊತ್ತಾಗಿತ್ತು. ಹಿತ್ತಲ ಕಡೆಯಿಂದ ಪಕ್ಕದ ಮನೆಯ ಚಲುವಮ್ಮನ ದನಿ ಕೇಳಿಸಿತು.

"ಅಯ್ಯೋ, ಪಾಪನ ಬೇಲಿ ಮ್ಯಾಲ್ ಮಡಗ್ಬುಟ್ಟು ಅವ್ವ ಒಂಟೋದ್ಲಲ್ಲಪ್ಪಾ!"

ಕೀರ್ತನ ಚಿನ್ನುವನ್ನು ಸೊಂಟಕ್ಕೇರಿಸಿಕೊಂಡು ಓಡಿದಳು. "ಯಾರ ಮಗು ಚಲುವಮ್ಮೋರೇ? ಉಸಿರಾಡ್ತಿದೆಯಾ? ಪೊಲೀಸ್‌ಗೆ ಫೋನ್ ಮಾಡಿದ್ರಾ?"

ಚಲುವಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. "ಪೋಲೀಸ್ನೋರು ಬಂದು ಇದ್ಕೆ ಮೊಲೆ ಕೊಟ್ಟಾರಾ? ಕಾಡುಪಾಪ ಕಣವ್ವಾ, ನೋಡಿಲ್ಲಿ."

ಬೇಲಿಯ ಹೊಂಗೆ ಕೊಂಬೆಯಲ್ಲಿ ಹಿಡಿಯಷ್ಟೂ ಇಲ್ಲದ ಒಂದು ಮರಿ. ಬೆಂಕಿಕಡ್ಡಿಯಂಥ ಕೈಕಾಲು, ಮುಖದ ತುಂಬ ಕಣ್ಣೇ ಕಣ್ಣು. ರೆಂಬೆಯನ್ನು ಎರಡೂ ಕೈಯಲ್ಲಿ ಅವುಚಿಕೊಂಡು ಅಲ್ಲಾಡದೆ ಕೂತಿತ್ತು.

"ಇದರ ತಾಯಿ ಬರುತ್ತಾ?"

"ಬತ್ತದೋ ಬರಾಕಿಲ್ವೋ, ನಂಗೇನ್ ಗೊತ್ತು? ನಾನೇನ್ ಅದ್ರ ಬಾಣಂತನ ಮಾಡಿದ್ನಾ?"

"ಬೆಕ್ಕು ಬಂದ್ರೆ? ಒಂದು ರಟ್ಟಿನ ಡಬ್ಬಿಯಲ್ಲಿ ಒಳಗೆ ಇಟ್ಟುಕೊಳ್ಳಲಾ?"

"ಸುಮ್ಕಿರವ್ವ! ನಿನ್ ಮಗೀನ ಯಾರಾರ ಡಬ್ಬೀಲಿ ಆಕ್ಕಂಡೋದ್ರೆ ಬುಟ್ಟೀಯಾ?"

ಕೀರ್ತನ ಒಳಗೆ ಬಂದು ಮೊಬೈಲಿನಲ್ಲಿ ಹುಡುಕಿದಳು. ಕತ್ತಲಾದೊಡನೆ ತಾಯಿ ಮರಿಯನ್ನು ಕೊಂಬೆಯಲ್ಲಿ ಬಿಟ್ಟು ಹುಳುಹುಪ್ಪಟೆ ಹುಡುಕಿಕೊಂಡು ಹೋಗುತ್ತದೆ, ಬೆಳಗಾಗುವ ಮುನ್ನ ಮರಳುತ್ತದೆ ಎಂದು ಬರೆದಿತ್ತು. ಬರೆದವರಿಗೇನು, ಬರೆಯುತ್ತಾರೆ. ಚಿನ್ನು ಹಾಲಿಗೆ ಎದ್ದಾಗಲೆಲ್ಲ ಇವಳು ಕಿಟಕಿಗೆ ಹೋದಳು. ಹುಣಸೆಮರದ ಕಡೆಯಿಂದ ಯಾರೋ ಸಣ್ಣಗೆ ಸಿಳ್ಳೆ ಹಾಕಿದಂತಾಗುತ್ತಿತ್ತು. ಮರಿ ಕೂತಲ್ಲೇ ಕೂತಿತ್ತು. ಅಳಲೂ ಇಲ್ಲ. ಅಳದ ಮಕ್ಕಳ ಒಳಗೆ ಏನಿರುತ್ತದೆಂದು ಕೀರ್ತನಳಿಗೆ ಗೊತ್ತಿತ್ತು.

ಕೊನೆಗೆ ಎದ್ದಾಗ ಬೆಳ್ಳಿಚುಕ್ಕಿ ಮೂಡಿತ್ತು. ಆಗಸ್ಟಿನ ಮೋಡ ಅಪರೂಪಕ್ಕೆ ಸರಿದು, ಪಡುವಣದಲ್ಲಿ ಚಂದ್ರ, ಮೂಡಣದಲ್ಲಿ ಬೆಳ್ಳಿ. ಅದರ ಪಕ್ಕಕ್ಕೇ ಒತ್ತಿಕೊಂಡಂತೆ ಗುರುಗ್ರಹ. ಇವೆರಡೂ ಈ ವಾರ ಹತ್ತಿರ ಬರುತ್ತವೆಂದು ಅವಳು ಎಲ್ಲೋ ಓದಿ ಮರೆತಿದ್ದಳು. ಭಾನುವಾರದ ಮೊದಲ ಬಸ್ಸು ಹಿಡಿಯಲು ಅವ್ವ ಮನೆ ಬಿಡುತ್ತಿದ್ದುದು ಇದೇ ಹೊತ್ತಿಗೆ. ಬೆಳ್ಳಿ ನೋಡ್ಕಂಡೇ ಒಂಟ್ಬಂದೆ ಕಣೇ ಪಾಪ, ಎನ್ನುತ್ತಿದ್ದಳು ಬಂದ ತಕ್ಷಣ.

ಕೊಂಬೆ ಅಲುಗಿತು. ಎಲೆಗಳ ನಡುವಿನಿಂದ ತೆಳ್ಳನೆಯ ಕೈಯೊಂದು ಬಂತು, ಆಮೇಲೆ ಇನ್ನೊಂದು. ತಾಯಿ ಬಂದಿತ್ತು, ಒಂದಿಷ್ಟೂ ಅವಸರವಿಲ್ಲದೆ. ಮರಿ ರೆಂಬೆಯನ್ನು ಬಿಟ್ಟು ಅದರ ಹೊಟ್ಟೆಗೆ ಅಂಟಿಕೊಂಡಿತು. ಎರಡೂ ಹುಣಸೆಯ ಕತ್ತಲಿಗೆ ಹೋದವು.

ಕೀರ್ತನ ಕಿಟಕಿಯ ಸರಳು ಹಿಡಿದು ಅಲ್ಲೇ ನಿಂತಳು. ಅವ್ವ ಬಿತ್ತನೆ ರಾಗಿಯನ್ನು ಮಡಗುತ್ತಿದ್ದಳು. ಹಬ್ಬದ ಸೀರೆಯನ್ನು ಮಡಗುತ್ತಿದ್ದಳು. ಬೇಡದ್ದನ್ನು ಆಕೆ ಎಂದೂ ಮಡಗಿದವಳಲ್ಲ, ತಿಪ್ಪೆಗೆ ಎಸೆಯುತ್ತಿದ್ದಳು. ಮುಂಗೈಯ ಹಳೆಯ ಕಲೆಯನ್ನು ಹೆಬ್ಬೆರಳಿನಿಂದ ಸವರುತ್ತಾ ಕೀರ್ತನ ಫೋನ್ ಎತ್ತಿಕೊಂಡಳು.

ಒಂದೇ ರಿಂಗಿಗೆ ಆ ಕಡೆಯಿಂದ ದನಿ ಬಂತು. "ಯಾಕ್ ಪಾಪ ಇಷ್ಟೊತ್ಗೆ? ಮಗೀಗೆ ಉಸಾರಿಲ್ವಾ?"

"ಚೆನ್ನಾಗಿದೆ ಅವ್ವ, ಮಲಗಿದೆ." ಅವಳು ಕಿಟಕಿಯಾಚೆ ನೋಡಿದಳು. "ಬೆಳ್ಳಿ ಮೂಡಿದೆ, ನೋಡಿದ್ಯಾ?"

"ಅದ್ ನೋಡ್ಕಂಡೇ ಜಗಲಿ ಮ್ಯಾಲ್ ಕುಂತಿವ್ನಿ."

"ಮೊದಲನೇ ಬಸ್ಸಿಗೆ ಬರ್ತೀಯಾ? ಸೋಮವಾರದಿಂದ ಚಿನ್ನೂನ..." ಮೈಸೂರಿನ ಸ್ಕೂಲು ಒಮ್ಮೆ ನಾಲಿಗೆಯನ್ನು ಹಿಡಿದೆಳೆಯಿತು. ಅವಳು ಬಿಡಿಸಿಕೊಂಡಳು. "ಚಿನ್ನೂನ ನಿನ್ನತ್ರ ಮಡಗ್ಬೇಕು ಅವ್ವ."

ಆ ಕಡೆ ಮೂಗು ಒರೆಸಿಕೊಂಡ ಸದ್ದು.

"ಬ್ಯಾಗು ಯಾವತ್ತೋ ತುಂಬಿ ಮಡಗಿವ್ನಿ, ಬುಡು."